ದ್ವೀಪದ ಅಜ್ಜಿಯ ಬಟ್ಟಲು

ಜೂನ್ ಹದಿನಾಲ್ಕು, ಶನಿವಾರ, ಸಂಜೆ ಐದೂವರೆ. ನನ್ನ ದಿನಚರಿಯಲ್ಲಿ ಆ ಹೊತ್ತಿನ ಮುಂದೆ ನೀಲಿ ಶಾಯಿಯಲ್ಲಿ ‘ದ್ವೀಪ ಆರಂಭ’ ಎಂದು ಬರೆದಿದೆ. ಅದರ ಕೆಳಗೇ ಕೆಂಪು ಶಾಯಿಯಲ್ಲಿ ‘ಅತ್ತೆ ಆರಂಭ’ ಎಂದೂ ಇದೆ. ಎರಡರ ನಡುವೆ ಹತ್ತು ನಿಮಿಷ ಕಳೆದಿರಬಹುದು. ಆ ಕಂಪ್ಯೂಟರ್ ಆಟವನ್ನು ನಾನು ನನ್ನಿಷ್ಟದಂತೆ ಆಡಿದ್ದು ಆ ಹತ್ತು ನಿಮಿಷ ಮಾತ್ರ!

ನನ್ನ ಸೋದರತ್ತೆ ಜೀವಮಾನದಲ್ಲಿ ಸಮುದ್ರ ನೋಡಿದವಳಲ್ಲ. ಅವಳು ಕಂಡಿರುವ ಅತಿ ದೊಡ್ಡ ನೀರೆಂದರೆ ಕೋಡಿ ಬಿದ್ದ ಕೆರೆ, ಅದೂ ಅಪರೂಪಕ್ಕೆ. ಆದರೆ ಯಾವ ಭೂಪಟದಲ್ಲೂ ಇಲ್ಲದ ಒಂದು ದ್ವೀಪದಲ್ಲಿ ಯಾರ ಮನೆ ಎಲ್ಲಿದೆ, ಯಾರ ಹಿತ್ತಲಲ್ಲಿ ಯಾವ ಹಣ್ಣು ಬಿಡುತ್ತದೆ, ಯಾರು ಮರ್ಯಾದಸ್ಥರು, ಯಾರದು ಬರೀ ಬಾಯಿಮಾತು ಎಂಬುದೆಲ್ಲ ಅವಳಿಗೆ ಗೊತ್ತಿರುವಷ್ಟು ಆ ಆಟ ತಯಾರಿಸಿದವರಿಗೂ ಗೊತ್ತಿರಲಾರದು.

ನಾನು ಮಧುಗಿರಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಏನು ಮಾಡಿದರೂ ಮೊದಲು ಗೆರೆ ಎಳೆದು ಪಟ್ಟಿ ಹಾಕಿಕೊಳ್ಳುವುದು ನನ್ನ ಅಭ್ಯಾಸ. ಕಂಪ್ಯೂಟರನ್ನು ಟೀವಿಗೆ ಜೋಡಿಸಿ, ಆಟವನ್ನು ತುಂಬಿಕೊಂಡು, ಯಾವ ದಿನ ಯಾವ ಬೆಟ್ಟ, ಯಾವ ದಿನ ಯಾವ ಗುಹೆ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಆಟವೇನೋ ಸರಳ. ಒಬ್ಬ ಹುಡುಗಿ ತೆಪ್ಪದಲ್ಲಿ ಒಂದು ದ್ವೀಪಕ್ಕೆ ಬಂದಿಳಿಯುತ್ತಾಳೆ. ತೆಂಗಿನ ಮರ, ನೀಲಿ ನೀರು, ಹತ್ತಲು ಬಂಡೆ, ಮೇಲಿಂದ ಹಾರಲು ಬಟ್ಟೆಯ ರೆಕ್ಕೆ. ಎಲ್ಲಿ ಬೇಕಾದರೂ ಅಲೆಯಬಹುದು. ದೂರದ ನಡುಗಡ್ಡೆಯಲ್ಲಿ ಆರಿಹೋದ ಒಂದು ದೀಪಸ್ತಂಭವಿದೆ. ಅದನ್ನು ಹಚ್ಚಿದರೆ ಕಥೆ ಮುಗಿಯಿತು. ಇಷ್ಟೇ!

ಅತ್ತೆ ಹಲ್ಲು ಕಟ್ಟಿಸಿಕೊಳ್ಳಲು ಬಡವನಹಳ್ಳಿಯಿಂದ ಬಂದು ನಮ್ಮ ಮನೆಯಲ್ಲಿದ್ದಳು. ಅಲ್ಲಿ ಅವಳ ಮಗ ಸೈಕಲ್ ಅಂಗಡಿ ಇಟ್ಟಿದ್ದಾನೆ. ಉಳಿದಿದ್ದ ಹಲ್ಲುಗಳನ್ನು ಕಿತ್ತ ಡಾಕ್ಟರು, ವಸಡು ಗಟ್ಟಿಯಾಗುವವರೆಗೆ ಹೋಗಿಬರುತ್ತಿರಿ ಎಂದಿದ್ದರು. ಹಾಗಾಗಿ ಹಲ್ಲಿಲ್ಲದ ಬಾಯಿ, ಮೊರದ ತುಂಬಾ ಹುರುಳಿಕಾಳು, ಎದುರಿಗೆ ನನ್ನ ಟೀವಿ.

“ಇದೇನ್ಲಾ ಇದು?”

“ಆಟ ಅತ್ತೆ.”

“ಆಟ ಅಂದ್ರೆ ನೀನ್ಯಾಕ್ಲಾ ಕುಂತಿದೀಯ?”

ನಾನು ಹುಡುಗಿಯನ್ನು ದಡಕ್ಕೆ ಹತ್ತಿಸಿದೆ.

“ಸುತ್ತ ಉಪ್ಪುನೀರು. ಕುಡಿಯಾಕೆ ಏನ್ ಮಾಡ್ತಾರೆ ಇಲ್ಲಿ ಜನ?”

“ಆಟದಲ್ಲಿ ಬಾಯಾರಿಕೆ ಆಗಲ್ಲ ಅತ್ತೆ.”

“ಬಾಯಾರದ ಜನಾನಾ! ಅಂಥೋರ್ನ ಪಾವಗಡಕ್ಕೆ ಕಳ್ಸು, ಸುಖವಾಗಿರ್ತಾರೆ.”

ಅವತ್ತು ಸಂಜೆ ನಾನು ಹತ್ತಬೇಕೆಂದಿದ್ದ ಬೆಟ್ಟ ಹಾಗೇ ಉಳಿಯಿತು. ಸಿಹಿನೀರು ಹುಡುಕಿದೆವು. ಬಂಡೆಯೊಂದರ ಹಿಂದೆ ಪುಟ್ಟ ಜಲಪಾತ ಕಂಡಾಗ ಅತ್ತೆ “ಸದ್ಯ” ಎಂದು ಉಸಿರು ಬಿಟ್ಟು, ಮೊರ ಪಕ್ಕಕ್ಕಿಟ್ಟು, ನನ್ನ ಕೈಯಿಂದ ಜಾಯ್‌ಸ್ಟಿಕ್ ಕಿತ್ತುಕೊಂಡಳು. ಅದು ಇವತ್ತಿಗೂ ನನಗೆ ಪೂರ್ತಿ ವಾಪಸ್ಸು ಸಿಕ್ಕಿಲ್ಲ.

ಮೊದಮೊದಲು ಎರಡು ಹಿಡಿಗಳನ್ನೂ ಮಜ್ಜಿಗೆ ಕಡೆಯುವ ಹಾಗೆ ತಿರುಗಿಸುತ್ತಿದ್ದಳು. ಹುಡುಗಿ ಪಾಪ, ನಿಂತಲ್ಲೇ ಬುಗುರಿಯಾಗುತ್ತಿದ್ದಳು. ಆದರೆ ಹುರುಳಿಯಲ್ಲಿ ಕಲ್ಲು ಆರಿಸಿ ಪಳಗಿದ ಬೆರಳುಗಳವು. ವಾರ ಕಳೆಯುವಷ್ಟರಲ್ಲಿ ನನಗಿಂತ ಚೆನ್ನಾಗಿ ಬಂಡೆ ಹತ್ತಿಸತೊಡಗಿದಳು. ಇದು ನನಗೆ ಸಂತೋಷ ತಂದಿತು ಎಂದು ಬರೆದರೆ ನನ್ನ ದಿನಚರಿಗೇ ಸುಳ್ಳು ಹೇಳಿದಂತೆ!

ಆಮೇಲೆ ಶುರುವಾಯಿತು ಚಪ್ಪಲಿ ಪ್ರಕರಣ. ಆಟದಲ್ಲಿ ಯಾರ ಮನೆಯೊಳಗೆ ಬೇಕಾದರೂ ನುಗ್ಗಬಹುದು. ಅತ್ತೆ ಮೊದಲನೇ ಬಾಗಿಲಲ್ಲೇ ಹುಡುಗಿಯನ್ನು ನಿಲ್ಲಿಸಿಬಿಟ್ಟಳು.

“ಚಪ್ಲಿ ಬಿಡಿಸ್ಲಾ.”

“ಬೇಕಾಗಿಲ್ಲ ಅತ್ತೆ, ಆಟ.”

“ಆಟ ಆದ್ರೇನು, ಮನೆ ಮನೆಯಲ್ವಾ?”

ದುರದೃಷ್ಟಕ್ಕೆ ಆ ಆಟದಲ್ಲಿ ಉಡುಪು ಬದಲಿಸುವ ಅನುಕೂಲವಿತ್ತು. ಚೀಲ ತೆರೆಯಬೇಕು, ಬಟ್ಟೆಬರೆಗೆ ಹೋಗಬೇಕು, ಕಾಲಿನ ಚಿತ್ರ ಆರಿಸಬೇಕು, ಚಪ್ಪಲಿ ತೆಗೆಯಬೇಕು, ಚೀಲ ಮುಚ್ಚಬೇಕು. ಹೊರಗೆ ಬಂದಮೇಲೆ ಇದೆಲ್ಲ ತಿರುಗಾ ಮುರುಗಾ. ಒಂದು ಸಂಜೆಯ ಆಟದಲ್ಲಿ ಅರ್ಧ ಭಾಗ ಚಪ್ಪಲಿಗೇ ಹೋಗುತ್ತಿತ್ತು ಎಂದು ನನ್ನ ಲೆಕ್ಕ ಹೇಳುತ್ತದೆ. ಒಮ್ಮೆ ಹೊರಬಂದು ಹಾಕಿಸಲು ಮರೆತು, ಹುಡುಗಿ ಬರಿಗಾಲಲ್ಲಿ ಅಲೆದು, ಏಡಿ ಕಚ್ಚಿಸಿಕೊಂಡಳು. ಬೈಸಿಕೊಂಡವನು ನಾನು!

ಇಂಥ ಆಟಗಳಲ್ಲಿ ಮಡಕೆ ಒಡೆದರೆ ಒಳಗಿನಿಂದ ಕವಡೆ ಸಿಗುತ್ತದೆ. ಕವಡೆಯೇ ಅಲ್ಲಿನ ದುಡ್ಡು. ನಾನು ಒಂದೇ ಒಂದು ಮಡಕೆ ಒಡೆದದ್ದು. ಅತ್ತೆ ಎದ್ದು ನಿಂತಳು. “ಯಾರ ಮನೆ ಮಡಕೆ ಕಣ್ಲಾ ಅದು! ಮೇಷ್ಟ್ರಾಗಿ ಕಂಡೋರ ಮನೆ ಮಡಕೆ ಒಡೀತೀಯಲ್ಲ!” ಅವತ್ತಿಂದ ಮಡಕೆ ಬಂದ್. ಮಡಕೆ ಬಂದ್ ಎಂದರೆ ಕವಡೆ ಬಂದ್. ಮೀನು ಹಿಡಿದು ಮಾರಿ ಹೇಗೋ ರೆಕ್ಕೆ ಕೊಳ್ಳುವಷ್ಟು ಕೂಡಿಸಿ ಅಂಗಡಿಗೆ ಹೋದರೆ, ಅಂಗಡಿಯವನು ಹೇಳಿದ ಬೆಲೆ ಕೇಳಿ ಅತ್ತೆ ಹುಡುಗಿಯನ್ನು ಹೊರಗೆ ನಡೆಸಿದಳು.

“ಎಲ್ಲಿಗೆ ಅತ್ತೆ? ಅಷ್ಟು ಕವಡೆ ಇದೆಯಲ್ಲ!”

“ನೀ ಸುಮ್ಕಿರು. ಹಿಂದಕ್ಕೆ ತಿರುಗಬ್ಯಾಡ. ಕರೀತಾನೆ ನೋಡ್ತಿರು.”

ಹುಡುಗಿ ಅಂಗಡಿಗೆ ಬೆನ್ನು ಹಾಕಿ ನಿಂತಳು. ಆಟದ ಸೂರ್ಯ ಮುಳುಗಿದ. ಆಟದ ಚಂದ್ರ ಬಂದ. ಅಂಗಡಿಯವನು ಕರೆಯಲಿಲ್ಲ. ಅವನು ಕರೆಯುವುದಿಲ್ಲ, ಅವನಿಗೆ ಕರೆಯಲು ಬರುವುದೇ ಇಲ್ಲ, ಅವನು ಕಂಪ್ಯೂಟರಿನ ಗೊಂಬೆ ಎಂದು ನಾನು ಎಷ್ಟು ಹೇಳಿದರೂ ಅತ್ತೆ ಒಪ್ಪಲಿಲ್ಲ.

“ಜಂಬ ಅವ್ನಿಗೆ. ಅವನ ರೆಕ್ಕೆ ಅವನೇ ಇಟ್ಕಳ್ಳಿ. ನಮಗೇನು ಕಾಲಿಲ್ವಾ?”

ಹೀಗೆ, ಹಾರುವ ಆಟವನ್ನು ನಾವು ನಡೆದುಕೊಂಡೇ ಆಡಿದೆವು.

ಇಷ್ಟಾದರೂ ತಾಳಿಕೊಂಡಿದ್ದೆ. ನನ್ನ ತಾಳ್ಮೆಗೆ ನಿಜವಾದ ಪರೀಕ್ಷೆ ಬಂದದ್ದು ಬಟ್ಟಲಿನಿಂದ. ದ್ವೀಪದ ಪೂರ್ವದ ಇಳಿಜಾರಿನಲ್ಲಿ ಒಂದು ಗುಡಿಸಲಿದೆ. ಅಲ್ಲಿ ಒಬ್ಬಳು ಅಜ್ಜಿ. ಅವಳ ಹತ್ತಿರ ಹೋದರೆ “ಬಾ ಮಗಳೇ, ಸಾರು ಬಿಸಿಯಾಗಿದೆ” ಎಂದು ಇಂಗ್ಲಿಷಿನಲ್ಲಿ ಅನ್ನುತ್ತಾಳೆ. ಅದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅಜ್ಜಿ ತೆಂಗಿನ ಚಿಪ್ಪಿನ ಬಟ್ಟಲಲ್ಲಿ ಸಾರು ಕೊಟ್ಟಳು. ಹುಡುಗಿ ಕುಡಿದಳು, ಶಕ್ತಿ ಬಂತು. ತಿಂಗಳಿಂದ ಬರೀ ಸಾರಲ್ಲಿ ಬದುಕುತ್ತಿದ್ದ ಅತ್ತೆಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ಎಂಥಾ ತಾಯಿ ನೋಡ್ಲಾ. ಊರ್ಯಾವ್ದು, ಜನ ಯಾವ್ದು ಅಂತ ಕೇಳ್ಲಿಲ್ಲ.”

ಸಾರು ಕುಡಿದಮೇಲೆ ಬಟ್ಟಲು ಹುಡುಗಿಯ ಚೀಲದಲ್ಲೇ ಉಳಿಯಿತು. ಅದರ ಕೆಳಗೆ ‘ಉಪಯೋಗಕ್ಕೆ ಬಾರದ್ದು’ ಎಂದು ಬರೆದಿತ್ತು. ಆಟ ಮಾಡಿದವರು ಅದನ್ನು ಅಲ್ಲೇ ಮರೆತಿರಬೇಕು.

“ಬಟ್ಲು ವಾಪಸ್ ಕೊಡ್ಲಾ” ಎಂದಳು ಅತ್ತೆ.

“ಕೊಡೋಕೆ ಬರಲ್ಲ ಅತ್ತೆ. ಆ ಅಜ್ಜಿ ಕೊಡ್ತಾಳೆ ಅಷ್ಟೆ, ತಗೊಳ್ಳಲ್ಲ.”

“ಅಂಗಂತ ನಾವು ಇಟ್ಕಂಬುಡೋದಾ?”

ಗುಂಡಿಗಳನ್ನೆಲ್ಲ ಒತ್ತಿ ನೋಡಿ, ಕೊನೆಗೆ ವಸ್ತುಗಳನ್ನು ನೆಲಕ್ಕಿಡುವ ಗುಂಡಿಯನ್ನು ಹುಡುಕಿಕೊಟ್ಟೆ. ಬಟ್ಟಲು ಅಜ್ಜಿಯ ಮುಂದೆ ಚೆಂದವಾಗಿ ಕೂತಿತು. ಮುಗಿಯಿತಲ್ಲ ಎಂದುಕೊಂಡೆ. ಮುಗಿಯುವುದೆಲ್ಲಿ!

“ಖಾಲಿ ಬಟ್ಲು ಕೊಡ್ತಾರೇನ್ಲಾ ಯಾರಾದ್ರೂ? ಏನಾರ ಒಂದು ಹಾಕಿ ಕೊಡ್ಬೇಕು.”

ನಮ್ಮ ಮನೆಯಲ್ಲೂ ಇದೇ. ಪಕ್ಕದವರು ಹುಳಿ ಕಳಿಸಿದ ಪಾತ್ರೆ, ಒಂದು ಹಿಡಿ ಸಕ್ಕರೆಯಾದರೂ ಬೀಳದೆ ಅವರ ಮನೆಗೆ ಹಿಂತಿರುಗುವುದಿಲ್ಲ. ಆದರೆ ಆ ದ್ವೀಪದ ಬಟ್ಟಲು ಖಾಲಿಯಿದ್ದರೆ ಮಾತ್ರ ನಿಲ್ಲುತ್ತಿತ್ತು. ಒಳಗೆ ಮಾವಿನಹಣ್ಣು ಹಾಕಿದೊಡನೆ ಬಟ್ಟಲು ವಾಲಿ, ಹಣ್ಣು ಜಿಗಿದು, ಎರಡೂ ಇಳಿಜಾರಿನಲ್ಲಿ ಉರುಳಿದವು. “ಓಡ್ಲಾ! ಓಡ್ಲಾ! ಹಿಡಿ!” ಎಂದು ಅತ್ತೆ ಕೂಗಿದಳು. ಜಾಯ್‌ಸ್ಟಿಕ್ ಇದ್ದದ್ದು ಅವಳ ಕೈಯಲ್ಲೇ! ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಓಡಿಬಂದಳು.

“ಏನಾಯ್ತು ಅತ್ಗೆಮ್ಮಾ?”

“ಬಟ್ಲು ಸಮುದ್ರಕ್ಕೆ ಬಿದ್ದೋಯ್ತು ಕಣಮ್ಮಾ!”

ಅಮ್ಮ ಒಳಗೆ ಹೋಗಿ ನಮ್ಮ ಬಟ್ಟಲುಗಳನ್ನೆಲ್ಲ ಎಣಿಸಿದ ಸದ್ದು ಕೇಳಿಸಿತು.

ತೆಪ್ಪ ಹಾಕಿಕೊಂಡು ಹೋಗಿ ಬಟ್ಟಲನ್ನು ತಂದೆವು. ಬಾಳೆಹಣ್ಣು ಹಾಕಿದೆವು, ಉರುಳಿತು. ಮೀನು ಹಾಕೋಣವೆಂದರೆ “ತಿಂತಾಳೋ ಇಲ್ವೋ, ಕೇಳ್ದೆ ಹೆಂಗ್ ಕೊಡಾದು” ಎಂದಳು. ಹೂವು ಇಟ್ಟೆವು, ಗಾಳಿಗೆ ಹಾರಿತು. ಪ್ರತಿ ಸಲವೂ ಅಜ್ಜಿ ಮಾತ್ರ “ಬಾ ಮಗಳೇ, ಸಾರು ಬಿಸಿಯಾಗಿದೆ” ಎಂದೇ ಅನ್ನುತ್ತಿದ್ದಳು. ಖಾಲಿಯೇ ಇಟ್ಟು ಬಾ ಅತ್ತೆ ಎಂದು ನಾನು ಕೈಮುಗಿದೆ. “ನಿಮ್ಮವ್ವ ನಿಂಗೆ ಇದನ್ನೇ ಹೇಳ್ಕೊಟ್ಟಿದ್ದಾ?” ಎಂದು ಅಡುಗೆಮನೆಗೆ ಕೇಳುವಂತೆ ಕೇಳಿದಳು. ಅಡುಗೆಮನೆಯಲ್ಲಿ ಒಂದು ಪಾತ್ರೆ ಜೋರಾಗಿ ಸದ್ದು ಮಾಡಿತು.

ಅಷ್ಟರಲ್ಲಿ ಹಲ್ಲಿನ ಸೆಟ್ ತಯಾರಾಗಿ ಬಂತು. ಒತ್ತುತ್ತದೆ ಎಂದು ಅತ್ತೆ ಅದನ್ನು ಲೋಟದ ನೀರಿನಲ್ಲಿ ಹಾಕಿ ಕಿಟಕಿಯಲ್ಲಿಟ್ಟಳು. ಊರಿಗೆ ಹೊರಡುವ ಮಾತೇ ಇಲ್ಲ. ಬಡವನಹಳ್ಳಿಯಿಂದ ಅವಳ ಮಗ ಫೋನ್ ಮಾಡಿದ.

“ಅವ್ವ ಯಾವಾಗ್ ಬತ್ತದೆ?”

“ಯಾರದೋ ಬಟ್ಲು ವಾಪಸ್ ಕೊಟ್ಟು ಬರ್ತಾಳಂತೆ ಕಣೋ.”

“ಯಾರ್ ಬಟ್ಲು?”

“ಒಬ್ಬಳು ಅಜ್ಜಿದು.”

“ಯಾವ ಅಜ್ಜಿ?”

“ಟೀವಿಯಲ್ಲಿರೋಳು.”

ಅವನು ಮೆಲ್ಲಗೆ ಕೇಳಿದ. “ಹಲ್ಲಿನ್ ಡಾಕ್ಟ್ರು ಏನಾರ ಇಂಜೆಕ್ಷನ್ ಕೊಟ್ರಾ?”

ಜುಲೈ ಮುಗಿಯಿತು. ನನ್ನ ಪಟ್ಟಿಯ ಪ್ರಕಾರ ದೀಪಸ್ತಂಭ ಹಚ್ಚಿ ತಿಂಗಳಾಗಬೇಕಿತ್ತು. ಶಾಲೆಯಲ್ಲಿ ಮೊದಲನೇ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬೇರೆ ತಲೆಯ ಮೇಲೆ. ಒಂದು ಸಂಜೆ ಹೇಗೋ ಪುಸಲಾಯಿಸಿ ಅತ್ತೆಯಿಂದ ತೆಪ್ಪವನ್ನು ನಡುಗಡ್ಡೆಯ ಕಡೆಗೆ ತಿರುಗಿಸಿದೆ. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮೇಷ್ಟ್ರ ಬಾಯಿ ಸುಮ್ಮನಿರುತ್ತದೆಯೇ? ದೀಪ ಹಚ್ಚಿದಮೇಲೆ ಏನಾಗುತ್ತದೆಂದು ಗೆಳೆಯನಿಂದ ಕೇಳಿದ್ದನ್ನು ವಿವರಿಸಿಬಿಟ್ಟೆ. ಬೆಳಕು ಕಂಡು ಹಡಗು ಬರುತ್ತದೆ, ಹಿರಿಯರೆಲ್ಲ ಅದರಲ್ಲಿ ಹೊರಟುಹೋಗುತ್ತಾರೆ, ಅಜ್ಜಿಯ ಗುಡಿಸಲು ಖಾಲಿ.

ತೆಪ್ಪ ನಡುನೀರಿನಲ್ಲಿ ಗಿರಕಿ ಹೊಡೆದು ವಾಪಸ್ಸು ತಿರುಗಿತು.

“ಅತ್ತೆ!”

“ಬಟ್ಲು ಕೊಡ್ದೆ ದೀಪ ಹಚ್ಚಂಗಿಲ್ಲ.”

“ಅದು ಬರೀ ಬಟ್ಲು ಅತ್ತೆ! ಬಟ್ಲೂ ಅಲ್ಲ, ಚಿತ್ರ! ಆ ಅಜ್ಜಿ ಇಲ್ಲ, ಆ ಊರು ಇಲ್ಲ, ಆ ಸಮುದ್ರವೂ ಇಲ್ಲ. ಯಾರಿಗೆ ಕೊಡ್ಬೇಕು ನೀನು?”

ನನ್ನ ದನಿ ತಾರಕಕ್ಕೆ ಹೋಗಿತ್ತು. ಅತ್ತೆ ಜಗಳಕ್ಕೆ ಬರುತ್ತಾಳೆಂದು ಕಾದೆ. ಅವಳು ಜಾಯ್‌ಸ್ಟಿಕ್ಕನ್ನು ಮಡಿಲಲ್ಲಿಟ್ಟುಕೊಂಡು, “ಆಪಾಗೆ ಕೊಡಕ್ಕಾಗ್ಲಿಲ್ಲ. ಇವಳಿಗಾದ್ರೂ ಕೊಡ್ತೀನಿ” ಎಂದಳು.

“ಯಾವ ಆಪಾ?”

“ನೀವ್ಯಾರೂ ಹುಟ್ಟಿರ್ಲಿಲ್ಲ ಕಣ್ಲಾ. ನಿಮ್ ಮಾವ ಶಿರಾದಲ್ಲಿ ಎಣ್ಣೆ ಮಿಲ್ಲಿಗೆ ಹೋಗೋರು. ಪಕ್ಕದ ಮನೇಲಿ ಆಪಾ. ಅವಳ ಗಂಡ ಪಾತ್ರೆಗೆ ಕಲಾಯಿ ಹಾಕೋರು. ನಾನು ಬಾಣಂತಿ. ನಮ್ಮವ್ವ ಕಾಲು ಮುರ್ಕಂಡು ಮಲಗಿತ್ತು, ತವರಿಂದ ಬರೋರು ಯಾರೂ ಇಲ್ಲ. ಆಪಾ ದಿನಾ ಒಂದು ಹಿತ್ತಾಳೆ ಡಬ್ಬೀಲಿ ಬಿಸಿಬಿಸಿ ಏನಾರ ಮಾಡ್ಕಂಡ್ ತಂದು, ನಿಂತು ತಿನ್ಸಿ, ಡಬ್ಬಿ ತಗಂಡೋಗೋಳು. ಒಂದಿನ ಡಬ್ಬಿ ಬಿಟ್ಟೋದ್ಲು, ಆಮ್ಯಾಕೆ ಬರ್ಲಿಲ್ಲ.”

“ಕೊಡ್ಬೇಕಿತ್ತು.”

“ಖಾಲಿ ಹೆಂಗ್ಲಾ ಕೊಡ್ಲಿ? ಮನೇಲಿ ಒಂದ್ ತುಣುಕು ಬೆಲ್ಲ ಇರ್ಲಿಲ್ಲ. ತವರಿಂದ ಕಳ್ಳೆಕಾಯಿ ಬರ್ಲಿ, ಉಂಡೆ ಕಟ್ಟಿ ತುಂಬಿ ಕೊಡಾನ ಅಂತ ಕಾದೆ. ಬಾಣಂತಿ ಬೇರೆ, ಹೊರಕ್ಕೆ ಬರಂಗಿರ್ಲಿಲ್ಲ. ಕಳ್ಳೆಕಾಯಿ ಬತ್ತು. ಉಂಡೆ ಕಟ್ಟಿ ತಗಂಡೋದ್ರೆ ಬಾಗ್ಲಿಗೆ ಬೀಗ. ಊರೇ ಬಿಟ್ಟಿದ್ರು.”

ಎಲ್ಲಿಗೆ ಹೋದರು ಎಂದು ಕೇಳಿದೆ. ಗೊತ್ತಿಲ್ಲ. ಹೆಸರೇನು ಎಂದು ಕೇಳಿದೆ.

“ಆಪಾ.”

“ಹೆಸರು ಅತ್ತೆ, ಹೆಸರು!”

“ಹೇಳಿದ್ನಲ್ಲ, ಆಪಾ ಅಂತ!”

ಉರ್ದುವಿನಲ್ಲಿ ಆಪಾ ಎಂದರೆ ಅಕ್ಕ, ಅಷ್ಟೆ. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಆದರೆ ಅವತ್ತೇ ದಿನಚರಿಯಲ್ಲಿ ದೀಪಸ್ತಂಭದ ಸಾಲು ಹೊಡೆದುಹಾಕಿ ‘ಶಿರಾ’ ಎಂದು ಬರೆದೆ.

ಆಗಸ್ಟ್ ಹತ್ತು, ಭಾನುವಾರ. ಬಸ್ಸಿನಲ್ಲಿ ಬಡವನಹಳ್ಳಿಗೆ ಹೋಗಿ ಇಳಿದು, ಅತ್ತೆಯ ಮನೆಯ ಅಟ್ಟದಿಂದ ಡಬ್ಬಿ ಇಳಿಸಿಕೊಂಡು ಮುಂದಿನ ಬಸ್ಸು ಹಿಡಿದೆವು. ಅಂಗೈಯಗಲದ ಹಿತ್ತಾಳೆ ಡಬ್ಬಿ, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಉರ್ದು ಅಕ್ಷರಗಳು. ಹೆಸರೇ ಇರಬೇಕು! ಪಾತ್ರೆಯ ಮೇಲೆ ಇನ್ನೇನು ಬರೆಸುತ್ತಾರೆ? ಇಷ್ಟು ವರ್ಷ ಯಾರಿಗೂ ತೋರಿಸದೆ ಅಟ್ಟದ ಮೇಲಿಟ್ಟಿದ್ದಕ್ಕೆ ದಾರಿಯುದ್ದಕ್ಕೂ ನಾನು ಅತ್ತೆಯನ್ನು ಬೈದೆ. ಡಬ್ಬಿಯ ತುಂಬಾ ಹಿಂದಿನ ರಾತ್ರಿ ಕಟ್ಟಿದ ಕಡಲೆಕಾಯಿ ಉಂಡೆ, ಬಾಯಿಯ ತುಂಬಾ ಹೊಸ ಹಲ್ಲು. ಒತ್ತುತ್ತದೆ ಅಂದಿದ್ದೆಯಲ್ಲ ಎಂದರೆ, “ಆಗ ನಂಗೆ ಹಲ್ಲಿದ್ವು. ಬೊಚ್ಚು ಬಾಯಲ್ಲಿ ಹೋದ್ರೆ ಆಪಾ ಗುರುತು ಹಿಡೀತಾಳಾ?” ಎಂದಳು.

ಶಿರಾದಲ್ಲಿ ಅವಳು ಗುರುತು ಹೇಳಿದ ಓಣಿ ಸಿಕ್ಕಿತು. ಮನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಅಲ್ಲಿದ್ದವನಿಗೆ ಅತ್ತೆ, “ಇಲ್ಲಿ ಆಪಾ ಅಂತ ಒಬ್ರಿದ್ರಲ್ಲ” ಎಂದಳು.

“ಅಮ್ಮಾ, ಈ ಗಲ್ಲೀಲಿ ಎಲ್ಲಾ ಹೆಣ್ಮಕ್ಳೂ ಆಪಾನೇ!”

ಎದುರು ಚಹಾ ಅಂಗಡಿಯಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಡಬ್ಬಿ ತರಿಸಿಕೊಂಡು, ಕನ್ನಡಕ ಏರಿಸಿ, ಬೆರಳಾಡಿಸಿ ಓದಿದರು. ಅತ್ತೆ ಅವರ ಬೆರಳನ್ನೇ ನೋಡುತ್ತ ನಿಂತಿದ್ದಳು.

“ಹೆಸರಿಲ್ಲಮ್ಮಾ. ‘ಶಾದಿ ಮುಬಾರಕ್’ ಅಂತೈತೆ. ಮದುವೇಲಿ ಯಾರೋ ಕೊಟ್ಟಿರೋದು.”

ಅತ್ತೆ ಬೆಂಚಿನ ಮೇಲೆ ಕೂತುಬಿಟ್ಟಳು. “ಮದ್ವೆ ಡಬ್ಬಿ ಕಣ್ಲಾ! ಅವಳ ಮದ್ವೆ ಡಬ್ಬೀನ ನಾನ್ ಇಟ್ಕಂಡಿದೀನಲ್ಲೋ!”

“ಸ್ಟೀಲು ಬಂತಲ್ಲಮ್ಮಾ, ಕಲಾಯಿಯವರು ಒಬ್ಬೊಬ್ರೇ ಹೋದ್ರು” ಎಂದರು ಅವರು. “ಕೆಲವ್ರು ಪಾವಗಡ, ಕೆಲವ್ರು ಹಿಂದೂಪುರ. ಯಾರು ಯಾರಂತ ಹೇಳ್ಳಿ? ಬೇಜಾರ್ ಮಾಡ್ಕೋಬೇಡಿ. ಚಾಯ್ ಕುಡೀರಿ.”

ಅವರು ಚಹಾ ಕೊಡಿಸಿದರು. ಅತ್ತೆ ಡಬ್ಬಿ ತೆರೆದು ಅವರ ಕೈಗೆ ಉಂಡೆ ಕೊಟ್ಟಳು. ಮೊಬೈಲ್ ಅಂಗಡಿಯವನಿಗೆ ಕೊಟ್ಟಳು. ಬಾಗಿಲಿಗೆ ಬಂದು ನೋಡುತ್ತಿದ್ದ ಹೆಂಗಸರನ್ನೆಲ್ಲ “ಬಾ ಆಪಾ, ತಗೋ ಆಪಾ” ಎಂದು ಕರೆಕರೆದು ಕೊಟ್ಟಳು. ಬಸ್ಸು ಹತ್ತುವಾಗ ಡಬ್ಬಿ ಬರಿದಾಗಿತ್ತು. ಮಧುಗಿರಿಯ ಬಂಡೆಬೆಟ್ಟ ಕಾಣುವವರೆಗೂ ಅವಳು ಮುಚ್ಚಳದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು. ಕಂಡಮೇಲೆ ಒಂದೇ ಮಾತು ಆಡಿದಳು.

“ಖಾಲೀನೇ ಕೊಟ್ಟಿದ್ರೂ ಆಗೋದು ಕಣ್ಲಾ. ಆಪಾ ಏನಂತಿದ್ಲು? ಏನೂ ಅಂತಿರ್ಲಿಲ್ಲ.”

ಮನೆಗೆ ಬಂದು ಕೈಕಾಲು ತೊಳೆದು, ಟೀವಿ ಹಾಕು ಎಂದಳು. ಹುಡುಗಿಯನ್ನು ಇಳಿಜಾರಿಗೆ ನಡೆಸಿದಳು. ಗುಡಿಸಲ ಬಾಗಿಲಲ್ಲಿ ಚಪ್ಪಲಿ ಬಿಡಿಸಿದಳು. ಅಜ್ಜಿಯ ಮುಂದೆ ಬಟ್ಟಲನ್ನು ಇಟ್ಟಳು. ಮಾವಿನಹಣ್ಣಿಲ್ಲ, ಹೂವಿಲ್ಲ, ಖಾಲಿ ಬಟ್ಟಲು. ಅದು ಅಲ್ಲಾಡದೆ ನಿಂತಿತು.

“ಬಾ ಮಗಳೇ, ಸಾರು ಬಿಸಿಯಾಗಿದೆ” ಎಂದಳು ಅಜ್ಜಿ.

“ನೋಡ್ದಾ, ಬೈಲಿಲ್ಲ” ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಜಾಯ್‌ಸ್ಟಿಕ್ಕನ್ನು ನನ್ನ ಕಡೆಗೆ ಚಾಚಿದಳು. “ಹೋಗು, ಹಚ್ಚೋಗು ನಿನ್ ದೀಪಾನ.”

ನಾನು ಹಚ್ಚಲಿಲ್ಲ. ಯಾಕೋ ಕೈ ಬರಲಿಲ್ಲ. ಆ ಅಜ್ಜಿ ಇನ್ನೂ ಅಲ್ಲೇ ಇದ್ದಾಳೆ.

ಇದನ್ನು ಓದುವವರಲ್ಲಿ ಒಂದು ಕೇಳಿಕೆ. ಬಹಳ ಹಿಂದೆ ಶಿರಾದಲ್ಲಿ ಕಲಾಯಿ ಕೆಲಸ ಮಾಡುತ್ತಿದ್ದು, ಕಡಲೆಕಾಯಿ ಕೀಳುವ ಕಾಲದಲ್ಲಿ ಊರು ಬಿಟ್ಟು ಹೋದ ಒಂದು ಕುಟುಂಬದ ಬಗ್ಗೆ ಪಾವಗಡದ ಕಡೆಯಾಗಲಿ, ಗಡಿಯಾಚೆಯಾಗಲಿ ಯಾರಿಗಾದರೂ ಗೊತ್ತಿದ್ದರೆ ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಆ ಮನೆಯ ಹೆಂಗಸಿನ ಹೆಸರು ನಮಗೆ ಗೊತ್ತಿಲ್ಲ. ಪಕ್ಕದ ಮನೆಯ ಬಾಣಂತಿಯೊಬ್ಬಳಿಗೆ ದಿನವೂ ನಿಂತು ತಿನ್ನಿಸುತ್ತಿದ್ದರು ಎಂಬುದು ಗೊತ್ತು. ಅವರೇ ಇಲ್ಲದಿದ್ದರೆ ಅವರ ಮಕ್ಕಳಾದರೂ ಸರಿ. ನಾನು ಇಷ್ಟು ಬರೆದು ಓದಿ ಹೇಳಿದಾಗ ಅತ್ತೆ ಇನ್ನೊಂದು ಮಾತು ಸೇರಿಸು ಎಂದಳು. ಸೇರಿಸಿದ್ದೇನೆ: ವಿಳಾಸ ಸಿಕ್ಕ ದಿನವೇ ಹೊರಡುತ್ತಾಳಂತೆ, ಉಂಡೆ ಕಟ್ಟಲು ಕೂರುವುದಿಲ್ಲವಂತೆ.